1,200 ಫೈಲ್, 8 ಜಿಬಿ ಮಷಿನ್, ಒಂದೇ ಮರ್ಜ್: ನನ್ನ ಅನುಭವ

"ಈ ಮಷಿನ್‌ನಲ್ಲಿ ಆಗೋ ಕೆಲಸ ಅಲ್ಲ ಇದು, ದೊಡ್ಡದೇ ಬೇಕು" ಅಂತ ಜೊತೆಯವರೆಲ್ಲ ಹೇಳಿದ್ದರು. 1,200 ಫೈಲ್‌ಗಳನ್ನು ಸಮಯದ ಕ್ರಮದಲ್ಲಿ ಒಂದೇ ಫೈಲ್ ಆಗಿ ಸೇರಿಸುವ (ಮರ್ಜ್) ಕೆಲಸ ಅದು. ಅದೇ 8 ಜಿಬಿ ಮೆಮೊರಿಯ ಮಷಿನ್‌ನಲ್ಲಿ, ಮುಕ್ಕಾಲು ಗಂಟೆಯೊಳಗೆ ಮುಗಿಸಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಸುಮಾರು 1,200 ಲಾಗ್ ಫೈಲ್‌ಗಳು, ಅಂದರೆ ಯಾವಾಗ ಏನಾಯಿತೆಂದು ಸಾಲು ಸಾಲಾಗಿ ಬರೆದಿಟ್ಟ ದಾಖಲೆಗಳು. ಒಂದೊಂದರಲ್ಲಿ ಅಂದಾಜು ಎರಡು ಲಕ್ಷ ಸಾಲು, ಸಮಯದ ಪ್ರಕಾರ ಆಗಲೇ ಸಾರ್ಟ್ ಆಗಿರುವುದು (ಕ್ರಮವಾಗಿ ಜೋಡಿಸಿರುವುದು). ಎಲ್ಲ ಸೇರಿ ಒಂದೇ ಸಾರ್ಟ್ ಆದ ಫೈಲ್ ಬೇಕು. ಪ್ರೋಗ್ರಾಮಿಂಗ್ ಭಾಷೆ ಪೈಥಾನ್.

ಮೊದಲ ಸಲ ಎರಡು ಲಿಸ್ಟ್‌ಗಳ ತಲೆ (ಮೊದಲ ಸಾಲು) ಹೋಲಿಸಿ, ಚಿಕ್ಕದನ್ನು pop(0) ಎಂಬ ಆಜ್ಞೆಯಿಂದ ತೆಗೆಯುವ ಲೂಪ್ (ಮತ್ತೆ ಮತ್ತೆ ಓಡುವ ಕೋಡ್) ಬರೆದೆ. ತಲೆಯಿಂದ ಒಂದು ತೆಗೆದಾಗಲೆಲ್ಲ ಉಳಿದ ಇಡೀ ಲಿಸ್ಟ್ ಒಂದು ಸ್ಥಾನ ಮುಂದೆ ಸರಿಯಬೇಕಲ್ವಾ? ಲಕ್ಷ ದಾಟಿದ ಮೇಲೆ ತೆವಳತೊಡಗಿತು. ತೆಗೆಯುವ ಬದಲು ಎಲ್ಲಿದ್ದೇನೆ ಎಂಬ ಇಂಡೆಕ್ಸ್ (ಸ್ಥಾನದ ಸಂಖ್ಯೆ) ಇಟ್ಟುಕೊಂಡು ಬರೆದ ಮೇಲೆ ಸರಿಹೋಯಿತು.

ಆಮೇಲೆ ಎರಡೂ ಲಿಸ್ಟ್ ಕೂಡಿಸಿ ಸುಮ್ನೆ ಪೈಥಾನ್‌ನದೇ ಸಾರ್ಟ್ ಫಂಕ್ಷನ್ ಆದ ಸಾರ್ಟೆಡ್‌ಗೆ ಕೊಟ್ಟು ನೋಡಿದೆ. ನನ್ನ ಲೂಪ್‌ಗಿಂತ ಐದಾರು ಪಟ್ಟು ಬೇಗ ಮುಗಿಯಿತು! ಅದರೊಳಗಿರುವ, 2002ರಲ್ಲಿ ಟಿಮ್ ಪೀಟರ್ಸ್ ಬರೆದ ಟಿಮ್‌ಸಾರ್ಟ್ ವಿಧಾನ ಆಗಲೇ ಸಾರ್ಟ್ ಆಗಿರುವ ತುಂಡುಗಳನ್ನು ತಾನೇ ಗುರುತಿಸಿ ಬರೀ ಮರ್ಜ್ ಮಾಡುತ್ತದೆ, ಅದೂ ಬೇಗ ಓಡುವ ಸಿ ಭಾಷೆಯ ಕೋಡ್‌ನಲ್ಲಿ. ಮೆಮೊರಿಗೆ ಹಿಡಿಯುವಷ್ಟು ಡೇಟಾ ಇದ್ದರೆ ಬೇರೇನೂ ಹುಡುಕಬೇಡಿ.

ನನ್ನದು ಹಿಡಿಯಲಿಲ್ಲ. ದೊಡ್ಡ ಮಷಿನ್ ಎರಡು ದಿನ ಬಾಡಿಗೆಗೆ ತಗೊಂಡೆ. ರಾತ್ರಿ ಓಡಿಸಿ ಮಲಗಿದೆ. ಒಂದು ಗಂಟೆಗೆಲ್ಲ ಮೆಮೊರಿ ತುಂಬಿ ಪ್ರೋಗ್ರಾಂ ನಿಂತಿತ್ತು, ಬಾಡಿಗೆ ಮಾತ್ರ ಬೆಳಗಿನವರೆಗೂ ಏರಿತು. ಆ ತಿಂಗಳ ಬಿಲ್‌ನ ಮೂರರಲ್ಲೊಂದು ಪಾಲು ಆ ಎರಡೇ ದಿನದ್ದು. ಇದು ತುಂಬಾ ಚುಚ್ಚಿತು.

ಹಾಗಾಗಿ ಪೈಥಾನ್ ಜೊತೆಗೇ ಬರುವ ಹೀಪ್‌ಕ್ಯೂ ಮಾಡ್ಯೂಲ್‌ನ ಮರ್ಜ್ ಫಂಕ್ಷನ್‌ಗೆ ಬಂದೆ. ಒಂದೊಂದು ಫೈಲ್‌ನಿಂದ ಒಂದೊಂದೇ ಸಾಲನ್ನು ಹೀಪ್‌ನಲ್ಲಿ (ಅತಿ ಚಿಕ್ಕದು ಸದಾ ಮೇಲಿರುವ ರಾಶಿ) ಇಡುತ್ತದೆ, ಮೆಮೊರಿ ಏರುವುದೇ ಇಲ್ಲ. ಸಾಲನ್ನು ಸಮಯ, ಫೈಲ್ ನಂಬರ್, ಡಿಕ್ಷನರಿ (ಸಾಲಿನ ವಿವರ) ಎಂಬ ಟಪಲ್, ಅಂದರೆ ಮೂರರ ಕಟ್ಟು, ಮಾಡಿ ಕೊಟ್ಟೆ. ಸಮಯ ಒಂದೇ ಆದರೆ ಫೈಲ್ ನಂಬರ್ ತೀರ್ಮಾನಿಸಲಿ ಅಂತ. ಆದರೂ ಡಿಕ್ಷನರಿಗಳನ್ನು ಹೋಲಿಸಲು ಆಗುವುದಿಲ್ಲ ಎಂದು ಟೈಪ್‌ಎರರ್ ಎಂಬ ತಪ್ಪು ಬಂತು! ಅರ್ಧ ದಿನ ಹೋಯಿತು. ಲೂಪ್‌ನೊಳಗೆ ಜನರೇಟರ್ (ಕೇಳಿದಾಗ ಒಂದೊಂದೇ ಸಾಲು ಕೊಡುವ ಕೋಡ್) ಬರೆದಿದ್ದೆ. ಅದು ಫೈಲ್ ನಂಬರನ್ನು ಓಡುವಾಗ ಓದುತ್ತದೆ, ಅಷ್ಟರಲ್ಲಿ ಲೂಪ್ ಮುಗಿದು ಎಲ್ಲಕ್ಕೂ ಕೊನೆಯ ನಂಬರೇ ಸಿಕ್ಕಿ, ಹೋಲಿಕೆ ಡಿಕ್ಷನರಿವರೆಗೆ ಹೋಗಿತ್ತು. ಜನರೇಟರನ್ನು ಬೇರೆ ಫಂಕ್ಷನ್‌ಗೆ ಹಾಕಿ ನಂಬರನ್ನು ಆರ್ಗ್ಯುಮೆಂಟ್ ಆಗಿ (ಫಂಕ್ಷನ್ ಕರೆಯುವಾಗಲೇ) ಕೊಟ್ಟ ಮೇಲೆ ಓಡಿತು. ಯಾವುದನ್ನು ಹೋಲಿಸಬೇಕೆಂದು ಹೇಳುವ, ಪೈಥಾನ್ 3.5ರಿಂದ ಮರ್ಜ್‌ನಲ್ಲಿ ಇರುವ ಕೀ ಆರ್ಗ್ಯುಮೆಂಟ್ ಬಳಸಿದರೆ ಈ ತಲೆನೋವೇ ಇಲ್ಲ, ಈಗ ಅದನ್ನೇ ಬಳಸುತ್ತೇನೆ.

ಮುಂದಿನ ಅಡ್ಡಿ, ಒಮ್ಮೆಗೆ 1,024 ಫೈಲ್‌ಗಿಂತ ಜಾಸ್ತಿ ತೆರೆಯಲು ಸಿಸ್ಟಂ ಬಿಡಲಿಲ್ಲ. ಮಿತಿ ಏರಿಸಬಹುದಿತ್ತು, ಏರಿಸಲಿಲ್ಲ. 40ರಂತೆ ಗುಂಪು ಮಾಡಿ 30 ನಡುವಿನ ಫೈಲ್ ಬರೆದೆ, ಆಮೇಲೆ ಆ 30ನ್ನೂ ಒಟ್ಟಿಗೆ ಸೇರಿಸಿದೆ. ಗುಂಪುಗಳು ಫೈಲ್ ಕ್ರಮದಲ್ಲೇ ಇರಬೇಕು, ಇಲ್ಲದಿದ್ದರೆ ಒಂದೇ ಸಮಯದ ಸಾಲುಗಳ ಕ್ರಮ ಕೆಡುತ್ತದೆ. ಗುಂಪು 40ಕ್ಕೇ ಏಕೆ ನಿಂತಿತು, ಬಫರ್ (ಓದುವಾಗ ಒಮ್ಮೆಗೆ ಮೆಮೊರಿಗೆ ತರುವ ತುಂಡು) ಎಷ್ಟಿಟ್ಟೆ ಎನ್ನುವುದು ನನ್ನಲ್ಲೇ ಇರಲಿ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಒಂದೇ ಗಾತ್ರದ 64 ಲಿಸ್ಟ್‌ಗಳನ್ನು ಒಂದಾದ ಮೇಲೊಂದು ಸೇರಿಸುತ್ತಾ ಹೋದರೆ ಪ್ರತಿ ಸಾಲು ಸರಾಸರಿ ಸುಮಾರು 32 ಸಲ ನಕಲಾಗುತ್ತದೆ. ಜೋಡಿ ಜೋಡಿಯಾಗಿ ಸೇರಿಸಿದರೆ 6 ಸಲ ಸಾಕು. ಅಳೆದಾಗ ವ್ಯತ್ಯಾಸ ನಾಲ್ಕೈದು ಪಟ್ಟು ಬಂತು.

ಕೊನೆಗೆ ಸಿಕ್ಕಿದ್ದೇ ಎಲ್ಲಕ್ಕಿಂತ ಕೆಟ್ಟ ತಪ್ಪು. ಏಳೆಂಟು ಫೈಲ್‌ಗಳಲ್ಲಿ ಗಂಟೆಯನ್ನು ಸಂಖ್ಯೆಯೆಂದಲ್ಲ, ಅಕ್ಷರವೆಂದು ಸಾರ್ಟ್ ಮಾಡಲಾಗಿತ್ತು, "10" ಬಂದು "9"ರ ಮುಂದೆ ಕೂತಿತ್ತು. ಮರ್ಜ್ ಇದನ್ನು ನೋಡುವುದಿಲ್ಲ, ದೂರುವುದೂ ಇಲ್ಲ. ತಪ್ಪು ಫೈಲನ್ನು ತಣ್ಣಗೆ ಬರೆದುಕೊಡುತ್ತದೆ. ಈಗ ಪ್ರತಿ ಸಾಲನ್ನೂ ಅದೇ ಫೈಲ್‌ನ ಹಿಂದಿನ ಸಾಲಿನ ಜೊತೆ ಹೋಲಿಸುತ್ತೇನೆ, ಕ್ರಮ ತಪ್ಪಿದರೆ ಫೈಲ್ ಹೆಸರು ಹೇಳಿ ಅಲ್ಲೇ ನಿಲ್ಲಿಸುತ್ತೇನೆ. ಅದಕ್ಕೆ ಎರಡು ಮೂರು ನಿಮಿಷ ಜಾಸ್ತಿ ಹಿಡಿಯುತ್ತದೆ. ದೊಡ್ಡ ಮಷಿನ್‌ನ ಬಾಡಿಗೆ ಆ ತಿಂಗಳೇ ನಿಲ್ಲಿಸಿದೆ.