ಪಂಪ್‌ಹೌಸಿನ ಪಾಸ್‌ವರ್ಡ್: ಬರೆದದ್ದೆಷ್ಟು, ಬಿಟ್ಟದ್ದೆಷ್ಟು

ನೀರು, ಕರೆಂಟು, ಸೇತುವೆಗಳ ಸುದ್ದಿ ಬರೆಯುವ ಜಿಲ್ಲಾ ವರದಿಗಾರ ನಾನು. "ಇದನ್ನೆಲ್ಲ ಬರೆದು ಶತ್ರುಗಳಿಗೆ ದಾರಿ ತೋರಿಸ್ತೀರಲ್ಲ" ಅನ್ನುವ ಮಾತನ್ನು ಅಧಿಕಾರಿಗಳಿಂದಲೂ ಓದುಗರಿಂದಲೂ ಕೇಳಿದ್ದೇನೆ. ಆ ಭಯ ಸುಳ್ಳಲ್ಲ. ಹಾಗಂತ ಸುದ್ದಿಯನ್ನೇ ಮುಚ್ಚಿಡುವುದನ್ನು ನಾನು ಒಪ್ಪುವುದಿಲ್ಲ.

ಒಮ್ಮೆ ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರು ವಾಟ್ಸಾಪಿನಲ್ಲಿ ಫೋಟೋ ಕಳಿಸಿದರು. ಒಂದು ಪಟ್ಟಣಕ್ಕೆ ಕುಡಿಯುವ ನೀರು ಬಿಡುವ ಪಂಪ್‌ಹೌಸಿನ ಕಂಪ್ಯೂಟರ್ ಪರದೆ ಅದು. ಯಾವ ಮೋಟಾರ್ ಓಡುತ್ತಿದೆ, ಟ್ಯಾಂಕಿನಲ್ಲಿ ಎಷ್ಟು ನೀರಿದೆ, ಕ್ಲೋರಿನ್ ಎಷ್ಟು ಬೀಳುತ್ತಿದೆ, ಎಲ್ಲ ಕಾಣುತ್ತಿತ್ತು. ಪರದೆಯ ಅಂಚಿಗೆ ಅಂಟಿಸಿದ ಚೀಟಿಯಲ್ಲಿ ಪಾಸ್‌ವರ್ಡ್. ಯಂತ್ರದ ಜೊತೆಗೇ ಬಂದದ್ದು, ಯಾರೂ ಬದಲಿಸಿರಲಿಲ್ಲ. "ಮನೆಯಿಂದಲೇ ಇಂಟರ್ನೆಟ್ಟಲ್ಲಿ ತೆಗೀಬಹುದು ಸರ್, ಬೇಕಾದ್ರೆ ನೋಡಿ" ಅಂದರು.

ನಾನು ನೋಡಲಿಲ್ಲ. ಅನುಮತಿ ಇಲ್ಲದೆ ಒಳಹೊಕ್ಕುವುದು ಐಟಿ ಕಾಯ್ದೆಗೆ ವಿರುದ್ಧ. ಅಲ್ಲದೆ ಕೈತಪ್ಪಿ ಏನಾದರೂ ಒತ್ತಿದರೆ ಊರಿನ ನೀರಿನ ಗತಿ? ಫೋಟೋ ಹಿಡಿದುಕೊಂಡು ನೇರವಾಗಿ ಎಂಜಿನಿಯರ್ ಹತ್ತಿರ ಹೋದೆ. ಅವರು ಪರದೆ ತಮ್ಮದೇ ಅಂತ ಒಪ್ಪಿಕೊಂಡರು. "ಇದು ಪೇಪರಲ್ಲಿ ಬಂದ್ರೆ ದೇಶದ ಭದ್ರತೆ ವಿಷಯ ಆಗುತ್ತೆ" ಅಂದರು. "ಸರಿ ಮಾಡೋಕೆ ಎಷ್ಟು ಟೈಮ್ ಬೇಕು ಹೇಳಿ, ಅಲ್ಲೀತನಕ ಬರೆಯಲ್ಲ" ಅಂದೆ. ಅವತ್ತೇ ಸರ್ಟ್-ಇನ್‌ಗೂ ಇಮೇಲ್ ಹಾಕಿದೆ. ಇಂಥ ದೂರುಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಅದು.

ಪಾಸ್‌ವರ್ಡ್ ಬದಲಾಗಿ, ಹೊರಗಿನ ದಾರಿ ಮುಚ್ಚಿದ ಮೇಲೆ ಬರೆಯಲು ಕೂತೆ. ಪ್ರತಿ ಸಾಲಿಗೂ ಒಂದೇ ಪ್ರಶ್ನೆ: ಇದು ಆ ನೀರು ಕುಡಿಯುವವರಿಗೆ ಬೇಕಾ, ಇಲ್ಲ ಒಳನುಗ್ಗುವವನಿಗೆ ಮಾತ್ರ ಬೇಕಾ? ಯಂತ್ರದ ಮಾಡೆಲ್ ಹೋಯಿತು, ಫೋಟೋ ಹೋಯಿತು, ಊರಿನ ಹೆಸರೂ ಹೋಯಿತು. ಉಳಿದದ್ದು ಇಷ್ಟು: ಪಾಸ್‌ವರ್ಡ್ ಬದಲಿಸಬೇಕು ಅನ್ನುವ ಷರತ್ತು ಟೆಂಡರಿನಲ್ಲೇ ಇರಲಿಲ್ಲ, ಕೆಲಸ ಒಪ್ಪಿಸಿಕೊಳ್ಳುವಾಗಲೂ ಯಾರೂ ಕೇಳಲಿಲ್ಲ. ನನಗೆ ಸುದ್ದಿ ಅಂದರೆ ಅದೇ.

ಮುಚ್ಚಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ 2019ರ ಕೂಡಂಕುಳಂ ನೋಡಿ. ಅಲ್ಲಿನ ಅಣುಸ್ಥಾವರದ ಕಂಪ್ಯೂಟರಿಗೆ ಮಾಲ್‌ವೇರ್, ಅಂದರೆ ಹಾನಿ ಮಾಡುವ ಸಾಫ್ಟ್‌ವೇರ್, ಹೊಕ್ಕಿದೆ ಅನ್ನುವ ಮಾತು ಅಕ್ಟೋಬರ್ ಕೊನೆಯಲ್ಲಿ ಹಬ್ಬಿತು. ಸ್ಥಾವರದವರು ಮೊದಲು ಸುಳ್ಳು ಸುದ್ದಿ ಅಂದರು. ಮಾರನೇ ದಿನ ಆ ಸ್ಥಾವರದ ಹೊಣೆ ಹೊತ್ತ ಅಣುಶಕ್ತಿ ನಿಗಮವೇ ಹೌದು ಅಂತು. ಹೊಕ್ಕಿದ್ದು ಆಡಳಿತ ಕೆಲಸದ ಕಂಪ್ಯೂಟರಿಗೆ, ಸ್ಥಾವರ ನಡೆಸುವ ಜಾಲ ಬೇರೆಯೇ ಇದೆ, ಸರ್ಟ್-ಇನ್ ಸೆಪ್ಟೆಂಬರ್ 4ಕ್ಕೇ ತಿಳಿಸಿತ್ತು ಅಂತ ವಿವರ ಬಂತು. ಇಷ್ಟನ್ನು ಮೊದಲ ದಿನವೇ ಹೇಳಿದ್ದರೆ ಯಾವ ಗುಟ್ಟೂ ರಟ್ಟಾಗುತ್ತಿರಲಿಲ್ಲ. ಅಲ್ಲಗಳೆದದ್ದರಿಂದ ಮುಂದಿನ ಮಾತನ್ನೂ ಜನ ಅನುಮಾನದಿಂದಲೇ ನೋಡುವಂತಾಯಿತು.

ಕಾಯುವುದೂ ಎಲ್ಲ ಕಡೆ ಆಗುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತು. ಅಣೆಕಟ್ಟಿನ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದರು. ಹೊಳೆಯ ಕೆಳಗಿನವರಿಗೆ ಆ ಹೊತ್ತಿಗೇ ಗೊತ್ತಾಗಬೇಕಿತ್ತು. ಹಳೇ ಚೈನುಗಳ ಗತಿಯೇನು ಅಂತ ಕೇಳುವ ಹಕ್ಕು ಆ ನೀರು ನಂಬಿದ ರೈತರಿಗಿತ್ತು. ಅಲ್ಲಿ ಭದ್ರತೆಯ ಹೆಸರಲ್ಲಿ ಸುಮ್ನಿದ್ದರೆ ಅದೇ ಅಪಾಯ. ಪಾಸ್‌ವರ್ಡ್ ಸದ್ದಿಲ್ಲದೆ ಬದಲಾಗಬಹುದು, ನದಿ ಹಾಗಲ್ಲ, ಅಲ್ವಾ?

ಪಂಪ್‌ಹೌಸಿನ ವರದಿ ಬಂದ ಮೇಲೆ ಬೇರೆ ಪಟ್ಟಣದ ನೀರುಗಂಟಿಯೊಬ್ಬರು ಫೋನ್ ಮಾಡಿದರು. "ನಮ್ಮಲ್ಲೂ ಅಂಥದ್ದೇ ಚೀಟಿ ಅಂಟಿಸಿದಾರೆ, ಯಾರಿಗೆ ಹೇಳ್ಬೇಕು ಸರ್?" ಅಂತ ಕೇಳಿದರು. ಮೊದಲು ನಿಮ್ಮ ಎಂಜಿನಿಯರಿಗೆ ಹೇಳಿ, ಅವರು ಕೇಳದಿದ್ದರೆ ಸರ್ಟ್-ಇನ್‌ಗೆ ಬರೆಯಿರಿ ಅಂದೆ. ಅಲ್ಲಿನ ಪಾಸ್‌ವರ್ಡೂ ಬದಲಾಯಿತು.