ಬೀಜ ಕೈಕೊಟ್ಟರೆ ಕಂಪನಿಯ ಎದುರು ನೀವೇ ನಿಲ್ಲಿ

ನಮ್ಮ ಕಾಕಾನ ಮೆಣಸಿನಕಾಯಿ ಹೊಲ ಇರುವುದು ಮಾನ್ವಿ ತಾಲ್ಲೂಕಿನಲ್ಲಿ. ಆ ವರ್ಷ ಗಿಡವೇನೋ ಸೊಗಸಾಗಿ ಎದ್ದಿತು. ಕಾಯಿ ಬಿಟ್ಟ ಮೇಲೆ ನೋಡಿದರೆ ಒಂದೇ ಸಾಲಿನಲ್ಲಿ ಒಂದು ಗಿಡಕ್ಕೆ ತೆಳ್ಳಗಿನ ಉದ್ದ ಕಾಯಿ, ಪಕ್ಕದ್ದಕ್ಕೆ ಗಿಡ್ಡ ದಪ್ಪ ಕಾಯಿ. ಬೀಜವೇ ಬೆರಕೆ. ಅಂಗಡಿಯವರು ಕಂಪನಿಯ ಕಡೆ ಕೈ ತೋರಿಸಿದರು, ಕಂಪನಿಯವರು ಫೋನ್ ಎತ್ತಲಿಲ್ಲ. ಕೊನೆಗೆ ಕಾಕಾ ವಕೀಲರಿಲ್ಲದೆ ತಾವೇ ರಾಯಚೂರಿನ ಜಿಲ್ಲಾ ಗ್ರಾಹಕ ಆಯೋಗದ ಮುಂದೆ ನಿಂತರು. ದೂರು ಬರೆದುಕೊಟ್ಟವನು ನಾನು. ಆ ಓಡಾಟದಲ್ಲಿ ಕಲಿತದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಹೊಲ, ಆಮೇಲೆ ಆಯೋಗ

ಗಿಡ ಕಿತ್ತು ಹಾಕುವ ಮುನ್ನ ಕೇಸಿನ ಮುಕ್ಕಾಲು ಕೆಲಸ ಮುಗಿದಿರಬೇಕು. ಬೆಳೆ ಹೊಲದಲ್ಲಿ ನಿಂತಿರುವಾಗಲೇ ರೈತ ಸಂಪರ್ಕ ಕೇಂದ್ರಕ್ಕೆ, ಮೆಣಸಿನಕಾಯಿಯಂಥ ಬೆಳೆಯಾದರೆ ತೋಟಗಾರಿಕೆ ಇಲಾಖೆಗೆ ಲಿಖಿತ ಅರ್ಜಿ ಕೊಟ್ಟು, ಸ್ಥಳ ಪರಿಶೀಲನೆ ಮಾಡಿ ವರದಿ ಕೊಡಿ ಎಂದು ಕೇಳಿ. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಸಹಿ, ಸೀಲು ಹಾಕಿಸಿಕೊಳ್ಳದೆ ಬರಬೇಡಿ.

ವರದಿಯಲ್ಲಿ ‘ಬೆಳೆ ನಷ್ಟವಾಗಿದೆ’ ಎಂದಷ್ಟೇ ಇದ್ದರೆ ಸಾಲದು. ನುಸಿ ಬಿದ್ದಿತ್ತು, ಹೊತ್ತಿಗೆ ಸರಿಯಾಗಿ ನೀರು ಬಿಟ್ಟಿಲ್ಲ, ಮಳೆ ಕೈಕೊಟ್ಟಿತು ಎಂದು ಕಂಪನಿ ಹೇಳಿಯೇ ಹೇಳುತ್ತದೆ. ನಷ್ಟಕ್ಕೆ ಬೀಜವೇ ಕಾರಣ ಎಂಬುದು ವರದಿಯಲ್ಲೇ ಬರಬೇಕು. ನಮ್ಮ ಹೊಲದಲ್ಲಿ ಅಧಿಕಾರಿಗಳು ಬೇರೆ ಬೇರೆ ಕಡೆ ನೂರು ನೂರು ಗಿಡ ಎಣಿಸಿ, ಎಷ್ಟು ಬೆರಕೆ ಎಂದು ಬರೆದುಕೊಂಡರು. ನಮ್ಮನ್ನು ಕಾದದ್ದು ಆ ಎಣಿಕೆಯೇ.

ಜೋಪಾನ ಮಾಡಬೇಕಾದದ್ದು ಇನ್ನೂ ಎರಡಿವೆ: ಬಿಲ್ಲು ಮತ್ತು ಖಾಲಿ ಪಾಕೀಟು. ಪಾಕೀಟಿನ ಮೇಲೆ ಲಾಟ್ ನಂಬರ್ ಇರುತ್ತದೆ, ಬಿಲ್ಲಿನಲ್ಲೂ ಅದೇ ನಂಬರ್ ಇರಬೇಕು. ನಮ್ಮ ಪಾಕೀಟು ಕೊಟ್ಟಿಗೆಯ ಜಂತಿಗೆ ಸಿಕ್ಕಿಸಿತ್ತು. ಕಾಕು ಅದರೊಳಗೆ ಬದನೆ ಬೀಜ ಕಟ್ಟಿಟ್ಟಿದ್ದರಿಂದ ಉಳಿಯಿತು, ಇಲ್ಲವಾದರೆ ಎಂದೋ ಒಲೆ ಸೇರುತ್ತಿತ್ತು. ಉದ್ರಿ ತರುವಾಗ ನಮ್ಮವರು ಬಿಲ್ಲು ಕೇಳಲು ಸಂಕೋಚಪಡುತ್ತಾರೆ, ಕಚ್ಚಾ ಚೀಟಿ ಹಿಡಿದು ಬರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಣ ಆಮೇಲೆ ಕೊಡುತ್ತೇನೆಂದು ಒಪ್ಪಿ ತಂದವರೂ ಕಾನೂನಿನ ಕಣ್ಣಲ್ಲಿ ಗ್ರಾಹಕರೇ.

ರೈತ ಗ್ರಾಹಕನೇ?

ಹೌದು. ಮಾರುವುದಕ್ಕೆ ಬೆಳೆಯುವವನು ಗ್ರಾಹಕನಲ್ಲ ಎಂದು ಕಂಪನಿಯವರು ವಾದಿಸಬಹುದು. ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲೇ ಆ ವಾದವನ್ನು ತಳ್ಳಿಹಾಕಿದೆ. ಪ್ರಯೋಗಾಲಯಕ್ಕೆ ಕಳಿಸಲು ರೈತ ಬೀಜ ಉಳಿಸಿಕೊಂಡಿರಬೇಕು ಎಂದು ನಿರೀಕ್ಷಿಸಲಾಗದು ಎಂದೂ ಹೇಳಿದೆ. ಕಂಪನಿಯ ಕಚೇರಿ ಹೈದರಾಬಾದಿನಲ್ಲಿರಲಿ, ಪುಣೆಯಲ್ಲಿರಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು.

ನೋಟಿಸ್, ನಂತರ ದೂರು

ಅಂಗಡಿಗೂ ಕಂಪನಿಗೂ ಸ್ಪೀಡ್ ಪೋಸ್ಟಿನಲ್ಲಿ ಒಂದು ನೋಟಿಸ್ ಕಳಿಸಿ, 15 ದಿನ ಗಡುವು ಕೊಡಿ. ಇದು ಕಡ್ಡಾಯವಲ್ಲ, ಆದರೆ ನೀವು ಮೊದಲೇ ಕೇಳಿದ್ದಿರಿ ಎಂಬುದಕ್ಕೆ ಸಾಕ್ಷಿಯಾಗುತ್ತದೆ. ನಡುವೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಕರೆ ಮಾಡಿ ನೋಡಬಹುದು.

ದೂರನ್ನು ಕನ್ನಡದಲ್ಲೇ ಬರೆಯಿರಿ. ನೀವು ಯಾರು, ಎದುರುದಾರರು ಯಾರು (ಅಂಗಡಿ, ಕಂಪನಿ ಇಬ್ಬರನ್ನೂ ಸೇರಿಸಿ), ಯಾವ ತಾರೀಖು ಏನಾಯಿತು, ಏನು ಬೇಕು. ತಾರೀಖಿನ ಪ್ರಕಾರ ಬರೆದರೆ ಸಾಕು, ಕಾನೂನಿನ ದೊಡ್ಡ ಮಾತು ಬೇಡ. ಪರಿಹಾರ ಕೇಳುವಾಗ ಬಾಯಿಗೆ ಬಂದ ಅಂಕಿ ಹಾಕಬೇಡಿ. ಎಷ್ಟು ಎಕರೆ, ಹಿಂದಿನ ವರ್ಷ ಎಷ್ಟು ಕ್ವಿಂಟಲ್, ಎಪಿಎಂಸಿ ಧಾರಣೆ ಎಷ್ಟು ಎಂದು ಲೆಕ್ಕ ತೋರಿಸಿ. ಪಹಣಿ, ಬಿಲ್ಲು, ಪಾಕೀಟು, ಫೋಟೊ, ವರದಿ, ನೋಟಿಸಿನ ರಸೀದಿ, ಜೊತೆಗೆ ಬರೆದದ್ದೆಲ್ಲ ನಿಜವೆಂದು ಪ್ರಮಾಣ ಮಾಡಿದ ಒಂದು ಅಫಿಡವಿಟ್ ಲಗತ್ತಿಸಿ. ಆಯೋಗಕ್ಕೆ ಮೂರು ಸೆಟ್, ಎದುರುದಾರರು ಎಷ್ಟು ಮಂದಿಯೋ ಅಷ್ಟು ಸೆಟ್ ಬೇರೆ.

ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೇ ಇಲ್ಲ. ಜಿಲ್ಲಾ ಆಯೋಗದ ಮಿತಿ 50 ಲಕ್ಷ. ಇಲ್ಲಿ ನೋಡುವುದು ಬೀಜಕ್ಕೆ ಕೊಟ್ಟ ದುಡ್ಡನ್ನು, ಕೇಳುವ ಪರಿಹಾರವನ್ನಲ್ಲ. ತೊಂದರೆಯಾದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಇ-ಜಾಗೃತಿ ಜಾಲತಾಣದ ಮೂಲಕವೂ ಸಲ್ಲಿಸಬಹುದು.

ವಿಚಾರಣೆಯ ದಿನ

ಆಯೋಗದ ನೋಟಿಸ್ ಸಿಕ್ಕ 30 ದಿನದೊಳಗೆ ಕಂಪನಿ ಲಿಖಿತ ಉತ್ತರ ಕೊಡಬೇಕು. ಆಯೋಗ ಒಪ್ಪಿದರೆ ಇನ್ನೂ 15 ದಿನ. ಅದರ ಮೇಲೆ ಒಂದು ದಿನವೂ ಇಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ಹೀಗಾಗಿ ನೋಟಿಸ್ ಮುಟ್ಟಿದ ತಾರೀಖು ಬರೆದಿಟ್ಟುಕೊಂಡು, ತಡವಾದರೆ ಎದ್ದು ನಿಂತು ಹೇಳಿ.

ಎದುರಿಗೆ ಕರಿ ಕೋಟು ಕಂಡು ಕಾಕಾನ ಕೈ ಮೊದಲ ದಿನ ನಡುಗಿತ್ತು. ಅಧ್ಯಕ್ಷರು ‘ನೀವೇ ಹೇಳಿ’ ಅಂದಾಗ ಕಾಕಾ ಎಣಿಕೆಯ ಪುಟ ತೆಗೆದು ಓದಿದರು, ಅಷ್ಟೇ. ಮಾತು ಕಡಿಮೆ ಇರಲಿ, ಕಾಗದದ ಪುಟ ಸಂಖ್ಯೆ ನಾಲಿಗೆಯ ತುದಿಯಲ್ಲಿರಲಿ. ಒಂದು ತಾರೀಖನ್ನೂ ತಪ್ಪಿಸಬೇಡಿ, ಗೈರಾದರೆ ದೂರೇ ವಜಾ ಆಗಬಹುದು. ಮೂರು ತಿಂಗಳಲ್ಲಿ ಮುಗಿಸಬೇಕೆಂದು ಕಾಯ್ದೆ ಹೇಳುತ್ತದೆ, ನಮಗೆ ವರ್ಷ ದಾಟಿತು.

ಕೇಳಿದಷ್ಟು ಸಿಗಲಿಲ್ಲ. ಬೀಜದ ದುಡ್ಡು, ಬೆಳೆ ನಷ್ಟದ ಒಂದು ಭಾಗ, ಕೇಸಿನ ಖರ್ಚು ಕೊಡಲು ಆದೇಶವಾಯಿತು. ಮೇಲ್ಮನವಿಗೆ 45 ದಿನ ಅವಕಾಶವಿದೆ, ಆದರೆ ಕಂಪನಿ ಮೇಲ್ಮನವಿ ಹಾಕಬೇಕಾದರೆ ಆದೇಶದ ಮೊತ್ತದ ಅರ್ಧ ಠೇವಣಿ ಇಡಬೇಕು. ನಮ್ಮ ಕಂಪನಿ ಹಾಕಲೂ ಇಲ್ಲ, ಹಣ ಕೊಡಲೂ ಇಲ್ಲ. ಅದೇ ಆಯೋಗದಲ್ಲಿ ಆದೇಶ ಜಾರಿಗೆ ಅರ್ಜಿ ಹಾಕಿದೆವು. ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಇಲ್ಲವೇ 25 ಸಾವಿರಕ್ಕೆ ಕಡಿಮೆಯಿಲ್ಲದ ದಂಡ, ಇಲ್ಲವೇ ಎರಡನ್ನೂ ವಿಧಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಆ ಅರ್ಜಿಯ ಎರಡನೇ ತಾರೀಖಿಗೆ ಕಂಪನಿಯ ವಕೀಲರು ಡಿಡಿ ಹಿಡಿದು ಬಂದರು.