‘ಇಲ್ಲ’ ಅಂದವರಿಗೂ ಪ್ರಶ್ನೆ ಹೋಗುತ್ತಿತ್ತು

ಗದಗ ತಾಲ್ಲೂಕಿನ ಹಳ್ಳಿಗಳಲ್ಲಿ ನಮ್ಮ ಆರೋಗ್ಯ ಅಧ್ಯಯನ ನಡೆದಿತ್ತು. ಒಪ್ಪಿಗೆ ಪತ್ರವನ್ನು ರೆಡ್‌ಕ್ಯಾಪ್ ಎಂಬ, ಸಂಶೋಧನೆಯ ಮಾಹಿತಿ ಸಂಗ್ರಹಿಸುವ ತಂತ್ರಾಂಶದಲ್ಲಿ ಸರ್ವೆಯಾಗಿ ಮಾಡಿದ್ದೆ. ಒಂದಿನ ಅಜ್ಜಿಯೊಬ್ಬರು, “ನಾ ಒಲ್ಲೆ ಅಂದೇನಲ್ಲೋ ತಮ್ಮಾ, ಮತ್ಯಾಕ ಕೇಳ್ತೀ?” ಅಂದರು. ತುಂಬಾ ನೋವಾಯಿತು.

ತಪ್ಪು ಇದ್ದದ್ದು ಸರ್ವೆ ಕ್ಯೂನಲ್ಲಿ, ಅಂದರೆ ಮುಂದಿನ ಪ್ರಶ್ನೆಗಳ ಸರ್ವೆ ಯಾವಾಗ ತೆರೆಯಬೇಕೆಂದು ಹೇಳುವ ಪಟ್ಟಿಯಲ್ಲಿ. ‘ಒಪ್ಪಿಗೆ ಸರ್ವೆ ಮುಗಿದ ಮೇಲೆ’ ಎಂಬ ಷರತ್ತು ಮಾತ್ರ ಹಾಕಿದ್ದೆ. ‘ಇಲ್ಲ’ ಅಂತ ಒತ್ತಿದರೂ ಸರ್ವೆ ಮುಗಿದ ಹಾಗೇ ಅಲ್ವಾ? ಅದಕ್ಕೆ ‘ಒಪ್ಪಿಗೆಯ ಉತ್ತರ 1 (ಅಂದರೆ ಹೌದು) ಆಗಿದ್ದರೆ’ ಎಂಬ ಲಾಜಿಕ್ಕನ್ನೂ ಸೇರಿಸಿದೆ. ಎರಡರ ನಡುವೆ ‘ಮತ್ತು’ ಇರಬೇಕು. ‘ಅಥವಾ’ ಇಟ್ಟರೆ ಮತ್ತೆ ಅದೇ ಕಥೆ. ಪರೀಕ್ಷೆಗೆ ಎರಡು ದಾಖಲೆ ಮಾಡಿ, ಹೌದು, ಇಲ್ಲ ಎರಡನ್ನೂ ಒತ್ತಿ ನೋಡಿದೆ. ಸರಿಯಾಗಿತ್ತು.

ಓದಲು ಬಾರದವರ ಒಪ್ಪಿಗೆಗೆ ಸಾಕ್ಷಿ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಹೇಳುತ್ತದೆ. ಸಾಕ್ಷಿಯ ಸಹಿಗೂ ಜಾಗ ಮಾಡಿದೆ. ನಡೆದದ್ದನ್ನು ಎಥಿಕ್ಸ್ ಕಮಿಟಿಗೆ ಬರೆದು ತಿಳಿಸಿದೆ. ಅಜ್ಜಿಯ ಮನೆಗೂ ಹೋಗಿ ಕ್ಷಮೆ ಕೇಳಿದೆ.